ಅರ್ಧ ದಾರಿಯಲ್ಲಿ ನಿಂತ ಅಂಡಾಣುಗಳು

ಗುರುದೇವಿಗೆ ಕರುಣೆ ಎಂಬುದು ಇರಲಿಲ್ಲ. ಇದನ್ನು ಅವಳ ಎದುರಿಗೇ ಹೇಳಿದ್ದರೂ ಅವಳು ಒಮ್ಮೆ ತಲೆಯೆತ್ತಿ ನೋಡಿ, ಹೌದೆಂದು ಒಪ್ಪಿ, ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುತ್ತಿದ್ದಳು. ನಿಜ ಹೇಳುವ ಹೆಂಗಸು ಎಂದು ಅವಳನ್ನು ಹೊಗಳುವವರೂ ಇದ್ದರು. ನಿಜ ಹೇಳುತ್ತಿದ್ದಳು, ಸರಿ. ಕೇಳಿಸಿಕೊಂಡವರು ಅದನ್ನು ಹೊತ್ತುಕೊಂಡು ಎಲ್ಲಿಗೆ ಹೋಗಬೇಕು ಎಂಬುದು ತನ್ನ ಕೆಲಸವಲ್ಲ ಎಂದುಕೊಂಡಿದ್ದಳು.

ಅವಳ ತಾಯಿ ಮುತ್ತವ್ವ ಗದಗಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಗಳ ಕೈ ಹಿಡಿದು ಕೇಳಿದ್ದಳು: "ನಾ ಉಳೀತೀನೇನ, ಗುರೂ?"

"ಇಲ್ಲವ್ವಾ. ಇನ್ನ ಭಾಳ ದಿನ ಇಲ್ಲ."

ಮುತ್ತವ್ವ ಕೈ ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದಳು. ಕೊನೆಯುಸಿರಿನವರೆಗೂ ಈ ಮಗಳೊಡನೆ ಮತ್ತೆ ಮಾತಾಡಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಚಿಕ್ಕಮ್ಮ ಅಂಗಳದಲ್ಲೇ ಹರಿಹಾಯ್ದಳು. "ಒಂದ್ ಮಾತ ಸುಳ್ಳ ಹೇಳಿದ್ರ ನಿನ್ನ ಗಂಟೇನ ಹೋಗ್ತಿತ್ತs?" ಗುರುದೇವಿ ಕಾಲಿಗೆ ನೀರು ಹಾಕಿಕೊಳ್ಳುತ್ತ, "ಆಕಿ ಕೇಳಿದ್ಲು, ನಾ ಹೇಳಿದೆ" ಎಂದಳು. ಅಷ್ಟೇ.

ತಂದೆ ಯಲ್ಲಪ್ಪ ಗದಗಿನ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದವನು. ಮಗಳು ಓದಿನಲ್ಲಿ ಮುಂದೆಂದು ಕಂಡಾಗ ಬೆಂಗಳೂರಿಗೆ ಕಳಿಸಿದ. ಜ್ಞಾನಭಾರತಿಯ ಆವರಣದಲ್ಲಿ ಪ್ರಾಣಿಶಾಸ್ತ್ರ ಓದಿ, ಇಲಿಯ ಅಂಡಾಣುಗಳ ಮೇಲೆ ಡಾಕ್ಟರೇಟ್ ಮಾಡಿದಳು. ಅಧ್ಯಾಪಕಿಯ ಹುದ್ದೆಗೆ ಕಾದು ಕಾದು ವಯಸ್ಸು ಮೀರಿತು. ಕೊನೆಗೆ ಬಸವೇಶ್ವರನಗರದಲ್ಲಿ, ಔಷಧಿ ಅಂಗಡಿಯ ಮೇಲಿನ ಒಂದು ಬಂಜೆತನ ಚಿಕಿತ್ಸಾ ಕೇಂದ್ರದ ಲ್ಯಾಬ್ ಸೇರಿದಳು. ವಾಸ ಮಾತ್ರ ಓದುವಾಗಿನಿಂದ ಇದ್ದ, ಆವರಣದ ಪಕ್ಕದ ಉಲ್ಲಾಳದಲ್ಲೇ, ಒಂದು ಮನೆಯ ಹಿಂಭಾಗದ ಬಾಡಿಗೆ ಪೋರ್ಷನ್ನಿನಲ್ಲಿ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಯಾರೂ ಕೇಳಲಿಲ್ಲ, ನನಗೂ ಬೇಕಾಗಿರಲಿಲ್ಲ" ಎನ್ನುತ್ತಿದ್ದಳು. ಅದೂ ನಿಜವೇ.

ಅವಳಿಗೆ ಗೌರವವಿದ್ದದ್ದು ಅಂಡಾಣುವಿನ ಮೇಲೆ ಮಾತ್ರ. ಹೆಣ್ಣುಕೂಸು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳು ತಮ್ಮ ವರ್ಣತಂತುಗಳನ್ನು ಅರ್ಧಕ್ಕೆ ಇಳಿಸುವ ವಿಭಜನೆಯನ್ನು ಶುರುಮಾಡುತ್ತವೆ. ಮಿಯಾಸಿಸ್ ಎನ್ನುವುದು ಇದಕ್ಕೇ. ಶುರುಮಾಡಿ, ನಡುವೆ ನಿಂತುಬಿಡುತ್ತವೆ. ಕೂಸು ಹುಟ್ಟಿ, ಬೆಳೆದು, ಮದುವೆಯಾಗಿ, ಮೂವತ್ತು ನಲವತ್ತು ವರ್ಷ ಕಳೆದರೂ ಅಲ್ಲೇ ನಿಂತಿರುತ್ತವೆ. ಮುಂದಕ್ಕೆ ತಳ್ಳಬೇಕಾದ ಪ್ರೋಟೀನಿನ ಹೆಸರು ಸೈಕ್ಲಿನ್. ಅಂಡಾಣು ಅದನ್ನು ತಯಾರಿಸುತ್ತಲೇ ಇರುತ್ತದೆ; ಒಳಗಿನ ಇನ್ನೊಂದು ಪ್ರೋಟೀನುಗಳ ಗುಂಪು ಅದನ್ನು ಹರಿದು ಹಾಕುತ್ತಲೇ ಇರುತ್ತದೆ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ, ನಿದ್ದೆ. ಒಳಗೆ ಕೈಬಿಡುವಿಲ್ಲದ ಕೆಲಸ.

ತಿಂಗಳಿಗೊಮ್ಮೆ ಮೈಯ ಹಾರ್ಮೋನು ಕರೆ ಕೊಟ್ಟಾಗ ಹರಿಯುವ ಕೈ ಸೋಲುತ್ತದೆ, ಸೈಕ್ಲಿನ್ ತುಂಬಿಕೊಂಡು ತನ್ನ ಜೊತೆಗಾರ, ಕೈನೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಕೋಶಕೇಂದ್ರದ ಪೊರೆ ಕರಗುತ್ತದೆ. ವರ್ಣತಂತುಗಳು ಸಾಲಾಗಿ ನಿಲ್ಲುತ್ತವೆ. ಆಮೇಲೆ ಅದೇ ಸೈಕ್ಲಿನ್ ನಾಶವಾದರೆ ಮಾತ್ರ ಜೋಡಿಗಳನ್ನು ಕಟ್ಟಿದ ಕೊಹೆಸಿನ್ ಎಂಬ ಅಂಟು ಕಡಿದುಹೋಗಿ, ಅರ್ಧ ಪಾಲು ಒಂದು ಸಣ್ಣ ಗುಳ್ಳೆಯಾಗಿ ಅಂಚಿಗೆ ಬರುತ್ತದೆ. ಆ ಗುಳ್ಳೆ ಕಂಡರೆ ಅಂಡಾಣು ಪಕ್ವವಾಯಿತೆಂದು ಅರ್ಥ. ಕಾಣದಿದ್ದರೆ ಇಲ್ಲ. ಇದರಲ್ಲಿ ಚೌಕಾಸಿಯಿಲ್ಲ. ಗುರುದೇವಿಗೆ ಇಷ್ಟವಾದದ್ದು ಅದೇ.

"ಮೇಡಂ, ನಿಮ್ ಲ್ಯಾಬಲ್ಲಿ ಬೆಚ್ಚಗಿರೋದು ಅಂದ್ರೆ ಆ ಇನ್ಕ್ಯುಬೇಟರ್ ಒಂದೇ" ಎಂದು ನರ್ಸ್ ಶಿವಗಂಗಮ್ಮ ಆಗಾಗ ಚುಚ್ಚುತ್ತಿದ್ದಳು. ಮಾರೇನಹಳ್ಳಿಯವಳು, ಬಾಯಿ ಜೋರು.

"ಅದೊಂದು ಬೆಚ್ಚಗಿದ್ದರೆ ಸಾಕು" ಎನ್ನುತ್ತಿದ್ದಳು ಗುರುದೇವಿ.

ಆ ಮಾರೇನಹಳ್ಳಿಯಿಂದಲೇ ರಮ್ಯಶ್ರೀ ಬಂದಳು. ಮಾವನ ಕಾಲದ ರಾಗಿ ಹೊಲಗಳು ಸೈಟುಗಳಾಗಿ, ಸೈಟುಗಳ ಮೇಲೆ ಬಾಡಿಗೆ ಮನೆಗಳೆದ್ದ ಒಕ್ಕಲು ಕುಟುಂಬ. ಗಂಡ ಮಹದೇವ್ ಸಿಮೆಂಟು ಕಬ್ಬಿಣದ ವ್ಯಾಪಾರಿ. ಮನೆಯ ಯಜಮಾನಿಕೆ ಅವನ ತಾಯಿ ಪಾಪಮ್ಮನದು. ರಮ್ಯಶ್ರೀಗೆ ಮೂವತ್ತೆಂಟು ದಾಟಿತ್ತು. ಹಿಂದೆ ಎರಡು ಸಲ ಭ್ರೂಣ ಇಟ್ಟರೂ ಗರ್ಭ ನಿಂತಿರಲಿಲ್ಲ. ಈ ಸಲವೂ ಆಗದಿದ್ದರೆ ಅವಳ ಸ್ವಂತ ಅಂಡಾಣುಗಳ ಆಸೆ ಬಿಡಬೇಕೆಂದು ಕೇಂದ್ರದ ವೈದ್ಯ ಯಶ್ವಂತ್ ತಿಳಿಸಿದ್ದ. ಬೇರೆ ಹೆಣ್ಣಿನ ಅಂಡಾಣುವಿಗೆ ಪಾಪಮ್ಮ ಒಪ್ಪುವವಳಲ್ಲ. ಹಾಗಾಗಿ ಇದೇ ಕೊನೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಂಡಾಣುಗಳನ್ನು ಹೊರತೆಗೆಯುವ ಮುಂಚೆ ಒಂದು ಕೊನೆಯ ಸೂಜಿಯಿದೆ. ಮೈ ತಾನಾಗಿ ಕೊಡಬೇಕಾದ ಕರೆಯನ್ನು ಈ ಸೂಜಿ ಕೊಡುತ್ತದೆ. ಅದು ಬಿದ್ದ ಒಂದೂವರೆ ದಿನಕ್ಕೆ ಸರಿಯಾಗಿ ಅಂಡಾಣುಗಳನ್ನು ತೆಗೆಯಬೇಕು. ಮನೆಯಲ್ಲೇ ಹಾಕಿಸಿಕೊಳ್ಳುವ ಸೂಜಿ, ರಾತ್ರಿ ಹತ್ತಕ್ಕೆ ಎಂದು ರಮ್ಯಶ್ರೀಗೆ ಎರಡೆರಡು ಸಲ ಹೇಳಿ ಕಳಿಸಿದ್ದರು.

ತೆಗೆದ ದಿನ ಬೆಳಗ್ಗೆ ಗುರುದೇವಿ ಅವುಗಳ ಸುತ್ತಲಿನ ಪರೆಯನ್ನು ಬಿಡಿಸಿ ನೋಡಿದಳು. ಒಂದರಲ್ಲೂ ಗುಳ್ಳೆಯಿರಲಿಲ್ಲ. ಕೋಶಕೇಂದ್ರದ ಪೊರೆಯೂ ಇರಲಿಲ್ಲ, ಕರಗಿಹೋಗಿತ್ತು. ಎಲ್ಲವೂ ಹೊರಟಿದ್ದವು, ಯಾವುದೂ ತಲುಪಿರಲಿಲ್ಲ.

ಯಶ್ವಂತ್ ಲ್ಯಾಬಿನ ಕಿಟಕಿಯಲ್ಲಿ ತಲೆ ತೂರಿಸಿದ. ಮೃದುವಾಗಿ ಮಾತಾಡುವ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಇನ್ನಷ್ಟು ಮೃದುವಾಗುತ್ತಿದ್ದ.

"ಏನ್ ಮೇಡಂ, ಎಲ್ಲಾ ಇಮ್ಮೆಚ್ಯೂರಾ? ಹಾಗಾದ್ರೆ ಕ್ಯಾನ್ಸಲ್ ಮಾಡ್ಬಿಡೋಣ. ಎಗ್ ಕ್ವಾಲಿಟಿ ಸರಿಯಿಲ್ಲ ಅಂತ ನಾನು ನಿಧಾನಕ್ಕೆ ಹೇಳ್ತೀನಿ."

"ಕ್ವಾಲಿಟಿ ಅಲ್ಲ. ಎಲ್ಲಾ ಒಂದೇ ಕಡೆ ನಿಂತಿವೆ."

"ನಿಂತಿರೋದು ನಿಂತಿವೆ. ಅದಕ್ಕೇನೀಗ?"

"ಒಂದು ಕ್ಲಾಸಿನ ಮಕ್ಕಳಲ್ಲಿ ಒಬ್ಬಿಬ್ಬರು ಫೇಲಾದರೆ ಮಕ್ಕಳು ದಡ್ಡರು. ಇಡೀ ಕ್ಲಾಸು ಒಂದೇ ಪಾಠದಲ್ಲಿ ನಿಂತಿದ್ದರೆ ಮೇಷ್ಟ್ರು ತಡವಾಗಿ ಬಂದಿದ್ದಾರೆ ಅಂತ. ಸೂಜಿ ತಡವಾಗಿ ಬಿದ್ದಿದೆ."

"ಹತ್ತಕ್ಕೇ ಹಾಕ್ಸಿದ್ವಿ ಅಂತ ಫೋನ್ ಮಾಡಿದ್ರಲ್ಲ ಅವ್ರು."

"ಮಾಡಿದ್ರು."

ಯಶ್ವಂತ್ ಗಡಿಯಾರ ನೋಡಿದ. "ಸರಿ, ಹಾಗಿದ್ರೆ ಸಂಜೆವರೆಗೂ ವೆಯ್ಟ್ ಮಾಡಿ. ಮೆಚ್ಯೂರ್ ಆದ್ರೆ ಆಯ್ತು."

ಇಲ್ಲಿ ಗುರುದೇವಿ ಅವನ ಮಾತಿಗೂ ಬಗ್ಗಲಿಲ್ಲ. ಸೂಜಿ ತಡವಾಗಿದ್ದರೆ ಈ ಅಂಡಾಣುಗಳು ತಮ್ಮ ಲೆಕ್ಕಕ್ಕೆ ಸರಿಯಾಗೇ ನಡೆಯುತ್ತಿವೆ, ಅವಕ್ಕಾಗಿ ಕಾಯಬಹುದು. ಸಮಯಕ್ಕೆ ಬಿದ್ದಿದ್ದರೆ ಇವು ಒಳಗಿನ ಯಾವುದೋ ದೋಷದಿಂದ ತಾವಾಗಿ ನಿಂತಿವೆ. ಅಂಥವನ್ನು ಸಂಜೆಯವರೆಗೆ ಓಲೈಸಿ, ಬಲವಂತವಾಗಿ ಭ್ರೂಣ ಮಾಡಿ ಹೆಂಗಸಿನ ಹೊಟ್ಟೆಗಿಡುವುದು ಮೋಸ. ಹಿಂದೆ ಬೇರೊಬ್ಬಳ ವಿಷಯದಲ್ಲೂ ಹಾಗೆ ನಿರಾಕರಿಸಿದ್ದಳು. ಮನೆಯವರು ಮೆಟ್ಟಿಲ ಮೇಲೆ ನಿಂತು ಶಾಪ ಹಾಕಿ ಹೋಗಿದ್ದರು. ಅವಳಿಗೆ ನಿಜ ಬೇಕಿತ್ತು. ಲ್ಯಾಬಿನ ಚಪ್ಪಲಿ ಬಿಟ್ಟು ಹೊರಗೆ ಬಂದಳು. ಅವಳು ರೋಗಿಗಳ ಕೋಣೆಗೆ ಹೋದದ್ದನ್ನು ಶಿವಗಂಗಮ್ಮ ನೋಡಿದ್ದು ಅದೇ ಮೊದಲು.

ರಮ್ಯಶ್ರೀ ಅರಿವಳಿಕೆಯಿಂದ ಎದ್ದು ಗೋಡೆಗೆ ಒರಗಿದ್ದಳು. ಮಹದೇವ್ ಮೊಬೈಲು ನೋಡುತ್ತಿದ್ದ. ಪಾಪಮ್ಮ ಫ್ಲಾಸ್ಕಿನಿಂದ ಗಂಜಿ ಬಗ್ಗಿಸುತ್ತಿದ್ದವಳು ತಲೆಯೆತ್ತಿದಳು.

"ಮೊಟ್ಟೆ ಎಲ್ಲಾ ಚೆನ್ನಾಗವಾ, ಡಾಕ್ಟ್ರಮ್ಮ?"

"ಸೂಜಿ ಯಾವಾಗ ಹಾಕಿಸಿದ್ರಿ?"

"ನೀವು ಹೇಳಿದ್ ಟೈಮ್‌ಗೇ ಮೇಡಂ, ರಾತ್ರಿ ಹತ್ತಕ್ಕೆ" ಎಂದ ಮಹದೇವ್. ಉತ್ತರ ಬಾಯಲ್ಲೇ ಇತ್ತು.

"ನಿಮ್ಮನ್ನು ಕೇಳಲಿಲ್ಲ. ಸೂಜಿ ಚುಚ್ಚಿದ್ದು ಇವರಿಗೆ."

ರಮ್ಯಶ್ರೀ ಅತ್ತೆಯನ್ನು ನೋಡಲಿಲ್ಲ. ನೋಡಬಾರದೆಂದು ಕಿಟಕಿಯ ಪರದೆಯನ್ನೇ ನೋಡುತ್ತ, "ಹತ್ತಕ್ಕೇ" ಎಂದಳು.

"ಸರಿ. ಹಾಗಾದರೆ ಒಳಗಿರೋದನ್ನ ಕಸಕ್ಕೆ ಹಾಕ್ತೀನಿ."

ಗುರುದೇವಿ ತಿರುಗಿ ಬಾಗಿಲವರೆಗೆ ಹೋಗಿದ್ದಳು. ಹಿಂದೆ ಫ್ಲಾಸ್ಕಿನ ಮುಚ್ಚಳ ಬಿದ್ದು ಉರುಳಿತು.

"ಅಯ್ಯೋ, ಹಂಗಂದ್ರೆ ಏನಮ್ಮ? ಕಸಕ್ಕೆ ಯಾಕ್ ಹಾಕ್ತೀಯಾ?"

ಸಿಟ್ಟು ಬಂದಾಗ ಗುರುದೇವಿಯ ಮಾತಿಗೆ ಗದಗು ಮರಳುತ್ತಿತ್ತು. "ಸೂಜಿ ಹತ್ತಕ್ಕ ಬಿದ್ದಿದ್ರ ಈಕಿ ತತ್ತಿ ಕೆಟ್ಟಾವ, ಉಪಯೋಗಿಲ್ಲ. ತಡಾ ಆಗಿ ಬಿದ್ದಿದ್ರ ಛಲೋ ಅದಾವ, ಸಂಜೀತನಕ ಕಾಯ್ತೀನಿ. ಎರಡರಾಗ ಖರೇ ಯಾವುದು, ನೀವs ಹೇಳ್ರಿ."

ಕೆಳಗೆ ರಸ್ತೆಯಲ್ಲಿ ತರಕಾರಿ ಗಾಡಿಯವನ ಧ್ವನಿವರ್ಧಕ ಹೂಕೋಸು ಹೂಕೋಸು ಎಂದು ಕೂಗಿಕೊಂಡು ಹೋಯಿತು. ರಮ್ಯಶ್ರೀಯ ಗಲ್ಲದಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಬಿಗಿದೇ ಇತ್ತು. ಕೊನೆಗೆ ಎದ್ದು ನಿಂತವಳು ಪಾಪಮ್ಮ.

"ನಾನೇ ಕಣಮ್ಮ ತಡ್ದಿದ್ದು. ಅವತ್ತು ಅಮಾಸೆ. ಪಕ್ಕದ್ ಬೀದಿ ನರ್ಸು ಹುಡುಗಿ ಸೂಜಿ ಹಾಕೋಕೆ ರಾತ್ರಿ ಬಂದಿದ್ಲು, ನಾನೇ ವಾಪಸ್ ಕಳಿಸ್ದೆ. ಅಮಾಸೇಲಿ ಹೊಟ್ಟೆಗೆ ಸೂಜಿ ಚುಚ್ಚಿಸ್ಕೊಂಡ್ರೆ ಕೂಸು ನಿಲ್ಲುತ್ತಾ? ಎರಡ್ ಸಲ ಕಳ್ಕೊಂಡಿದೀವಿ. ಅಮಾಸೆ ಕಳ್ದ ಮೇಲೆ, ಬೆಳಗಿನ್ ಜಾವ ಹಾಲ್ನೋರು ಬರೋ ಹೊತ್ತಿಗೆ ಹಾಕ್ಸಿದ್ವಿ. ಒಂದ್ ರಾತ್ರಿಲಿ ಏನಾಗುತ್ತೆ ಅಂದ್ಕೊಂಡೆ."

"ಅಮ್ಮಾ! ನಾನ್ ಅವತ್ತೇ ಬೇಡ ಅಂದ್ನಲ್ಲ!" ಮಹದೇವ್ ಮೊಬೈಲು ಮಂಚದ ಮೇಲೆ ಎಸೆದ.

ಪಾಪಮ್ಮ ಮಗನ ಕಡೆ ನೋಡಿದಳು. ಆಮೇಲೆ ಬಾಗಿ, ಉರುಳಿಹೋದ ಮುಚ್ಚಳವನ್ನು ಎತ್ತಿಕೊಂಡಳು.

ಗುರುದೇವಿ ಅಲ್ಲಿಗೆ ಬಿಡಬಹುದಿತ್ತು. ಬೇಕಾದದ್ದು ಸಿಕ್ಕಿತ್ತು. ಆದರೆ ಹೇಳದೆ ಉಳಿಸಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

"ಮೇಲಿನ ಚಂದ್ರನಿಗೂ ನಿಮ್ಮ ಸೊಸೆಯ ಹೊಟ್ಟೆಗೂ ಸಂಬಂಧವಿಲ್ಲ. ಗಡಿಯಾರಕ್ಕೆ ಸಂಬಂಧವಿದೆ. ಮೈಯೊಳಗೆ ಮುಗಿಯಬೇಕಾಗಿದ್ದ ಕೆಲಸ ಈಗ ಗಾಜಿನ ತಟ್ಟೆಯಲ್ಲಿ ಮುಗಿಯಬೇಕು. ಇದು ಕೆಟ್ಟರೆ ನೀವೇ ಕೆಡಿಸಿದ್ದು."

ಹಾಗೆಂದು ಒಳಗೆ ಹೋದಳು.

ಸಂಜೆಯವರೆಗೆ ಕಾದಳು. ಅಂಡಾಣುಗಳು ತಮ್ಮ ಪಾಡಿಗೆ ತಮ್ಮ ಕೆಲಸ ಮುಂದುವರಿಸಿದವು. ಒಂದೊಂದಾಗಿ ಅಂಚಿನಲ್ಲಿ ಗುಳ್ಳೆ ಮೂಡಿತು. ಅರ್ಧಕ್ಕಿಂತ ಹೆಚ್ಚು ಅಂಡಾಣುಗಳಲ್ಲಿ ಮೂಡಿತು. ಪಕ್ವವಾದ ಮೇಲೆ ಮತ್ತೆ ನಿಂತವು, ವೀರ್ಯಾಣು ಬರುವವರೆಗೆ ಮುಂದಕ್ಕೆ ಹೋಗದಂತೆ ಇನ್ನೊಂದು ಪ್ರೋಟೀನಿನ ಕಾವಲಿನಲ್ಲಿ. ಗುರುದೇವಿ ಒಂದೊಂದಕ್ಕೂ ವೀರ್ಯಾಣು ಚುಚ್ಚಿದಳು. ಶಿವಗಂಗಮ್ಮ ತಂದಿಟ್ಟ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಕೊನೆಗೆ ಬೆಳೆದು ನಿಂತದ್ದು ಒಂದೇ ಭ್ರೂಣ.

ಅದನ್ನು ಇಡುವ ದಿನ ರಮ್ಯಶ್ರೀ ಒಬ್ಬಳೇ ಒಳಗೆ ಮಲಗಿದ್ದಾಗ ಗುರುದೇವಿಯನ್ನು ಕರೆದಳು.

"ಮೇಡಂ, ಅವತ್ತು ಇವರು ಬೇಡ ಅಂದಿರ್ಲಿಲ್ಲ. ಅತ್ತೆ ಹೇಳಿದ್ದಕ್ಕೆ ಹೂಂ ಅಂದು ಹೋಗಿ ಮಲಗಿದ್ರು. ನಾನೂ ಸುಮ್ನಿದ್ದೆ. ನಂಗೂ ಅಮಾಸೆ ಅಂದ್ರೆ ಭಯಾನೇ."

"ಇದನ್ನ ನನಗೆ ಯಾಕೆ ಹೇಳ್ತಿದೀರಿ?"

"ಯಾರಿಗಾದ್ರೂ ಹೇಳ್ಬೇಕಲ್ಲ ಮೇಡಂ."

ಗರ್ಭ ನಿಂತಿತು. ಪಾಪಮ್ಮ ಕೇಂದ್ರದವರಿಗೆಲ್ಲ ಕೊಬ್ಬರಿ ಮಿಠಾಯಿ ಕಳಿಸಿದಳು. ಮೂರನೇ ತಿಂಗಳು ತುಂಬುವ ಮುಂಚೆ ಭ್ರೂಣದ ಎದೆಬಡಿತ ನಿಂತಿತು. ಹೊರಬಂದದ್ದನ್ನು ಪರೀಕ್ಷೆಗೆ ಕಳಿಸಿದರು: ಒಂದು ವರ್ಣತಂತು ಹೆಚ್ಚಿಗೆ ಇತ್ತು. ಅಂಡಾಣುವಿನ ಮೊದಲ ವಿಭಜನೆಯಲ್ಲೇ ಬೇರೆಯಾಗಬೇಕಾದ ಒಂದು ಜೋಡಿ ಬೇರೆಯಾಗದೆ ಉಳಿದಿತ್ತು. ವಯಸ್ಸಾದ ಅಂಡಾಣುವಿನಲ್ಲಿ ಅಂಟು ಸವೆದು ಹೀಗಾಗುವುದುಂಟು ಎಂದು ಯಶ್ವಂತ್ ಹೇಳಿದ. ಗುರುದೇವಿ ಅದನ್ನು ಒಪ್ಪಲಿಲ್ಲ. ಗಾಜಿನ ತಟ್ಟೆಯಲ್ಲಿ, ಮೈಯ ಕಾವು ಬಿಟ್ಟು, ಆ ವಿಭಜನೆ ಮುಗಿದದ್ದನ್ನು ಅವಳೇ ಕುಳಿತು ನೋಡಿದ್ದಳು. ಅಂದೇ ಹೇಳಿಯೂ ಇದ್ದಳು. ತಾನು ಹೇಳಿದ್ದು ಸರಿಯಾಯಿತೆಂದು ಸಂತೋಷಪಡುವವಳಲ್ಲ, ದುಃಖಪಡುವವಳೂ ಅಲ್ಲ. ಮರುದಿನ ಬೇರೆ ಹೆಂಗಸಿನ ಅಂಡಾಣುಗಳು ಬಂದವು.

ಸುದ್ದಿ ತಂದವಳು ಶಿವಗಂಗಮ್ಮ.

"ಪಾಪಮ್ಮನ್ನ ಹಿಂದಿನ ಪೋರ್ಷನ್ನಿಗೆ ಹಾಕಿದಾನಂತೆ ಮಗ. ಬಾಡಿಗೆಯವ್ರು ಖಾಲಿ ಮಾಡಿದ್ರಲ್ಲ, ಆ ಒಂಟಿ ರೂಮಿಗೆ. ಅವಳ ಕೈಯಲ್ಲಿ ನೀರೂ ಕುಡಿಯಲ್ವಂತೆ."

ಗುರುದೇವಿ ಪಿಪೆಟ್ಟಿನ ತುದಿ ಬದಲಿಸುತ್ತಿದ್ದಳು. "ಸೊಸೆ?"

"ಅವಳು ಕೆಂಗೇರಿಲಿ, ತವರಲ್ಲಿದಾಳೆ, ಮೈ ಸುಧಾರಿಸ್ಕೊಳ್ಳೋಕೆ. ಅವಳೇನೂ ಅಂದಿಲ್ಲ ಪಾಪ. ಎಲ್ಲಾ ಇವನ್ದೇ. ನಂಟ್ರ ಮನೆ ಗೃಹಪ್ರವೇಶದಲ್ಲಿ ನೂರು ಜನದ ಮುಂದೆ ಅಂದ್ನಂತೆ, 'ನನ್ನ ಮಗೂನ ಕೆಡಿಸಿದ್ದು ಇವಳೇ, ಡಾಕ್ಟ್ರಮ್ಮನೇ ಹೇಳಿದಾರೆ' ಅಂತ." ಆಮೇಲೆ, "ನಿಮ್ ಮಾತೇ ಮೇಡಂ, ಬೀದಿ ತುಂಬಾ" ಎಂದಳು.

"ನಾನು ಹೇಳಿದ್ದು ಸುಳ್ಳಲ್ಲ."

"ಸುಳ್ಳು ಅಂತ ಯಾರಂದ್ರು?"

ಗುರುದೇವಿ ಪಿಪೆಟ್ಟನ್ನು ಕೆಳಗಿಟ್ಟಳು. ತುದಿ ಕೈಗೆ ತಾಗಿಹೋಗಿತ್ತು, ಮತ್ತೆ ಹೊಸದನ್ನು ಹಾಕಬೇಕಾಯಿತು. ಅವನೂ ಹೂಂ ಅಂದಿದ್ದ ಎಂಬುದೂ ನಿಜವೇ. ಆ ನಿಜವನ್ನು ಯಾರೂ ಬೀದಿಗೆ ತಂದಿರಲಿಲ್ಲ. ಮೂವರ ತಪ್ಪನ್ನು ಒಬ್ಬಳ ತಲೆಗೆ ಕಟ್ಟಲು ಅವನಿಗೆ ಒಂದು ವಾಕ್ಯ ಬೇಕಾಗಿತ್ತು, ಆ ವಾಕ್ಯವನ್ನು ತಿದ್ದಿ ತೀಡಿ ಕೊಟ್ಟವಳು ತಾನು. ಇಷ್ಟು ಯೋಚಿಸಿ ಅವಳು ಕೆಲಸ ಮುಂದುವರಿಸಿದಳು. ಆ ದಿನ ಶಿವಗಂಗಮ್ಮನ ಮೇಲೆ ಎರಡು ಸಲ ಕಾರಣವಿಲ್ಲದೆ ರೇಗಿದಳು.

ಕೆಲವು ವಾರ ಕಳೆದು, ಒಂದು ಸಂಜೆ ಕೆಲಸ ಮುಗಿಸಿ ಕೆಳಗಿಳಿದಾಗ ಔಷಧಿ ಅಂಗಡಿಯ ಪಕ್ಕದ ಮುಚ್ಚಿದ ಷಟರಿನ ಮುಂದೆ, ಮೆಟ್ಟಿಲ ಮೇಲೆ ಪಾಪಮ್ಮ ಕುಳಿತಿದ್ದಳು. ಮೈ ಇಳಿದಿತ್ತು, ಕುಪ್ಪಸ ದೊಗಳೆಯಾಗಿತ್ತು. ಗೇಟಿನ ಆಚೆ ಮಹದೇವ್ ಸ್ಕೂಟರಿನ ಮೇಲೆ ಹೆಲ್ಮೆಟ್ ತೆಗೆಯದೆ ಕೂತಿದ್ದ. ಇಳಿದು ಒಳಗೆ ಬರುವ ಮನಸ್ಸು ಅವನಿಗಿರಲಿಲ್ಲ.

"ಒಂದ್ ಮಾತು ಕೇಳಿ ಹೋಗ್ತೀನಿ ಡಾಕ್ಟ್ರಮ್ಮ" ಎಂದಳು ಪಾಪಮ್ಮ. "ಏಳು ದಿನದಿಂದ ಕಾಡಿ ಬೇಡಿ ಇವನ್ ಜೊತೆ ಬಂದಿದೀನಿ."

"ಕೇಳಿ."

"ಪರೀಕ್ಷೆಲಿ ಬಂತಲ್ಲ. ನಿಮಗೆ ಎಲ್ಲಾ ಕಾಣುತ್ತಂತೆ ಆ ದುರ್ಬೀನಿನಲ್ಲಿ. ಕೂಸು ಹೋಗಿದ್ದು ನನ್ನಿಂದಾನಾ?"

ಉಲ್ಲಾಳದ ಕಡೆಯ ಬಸ್ಸು ತಿರುವಿನಲ್ಲಿ ಕಾಣಿಸಿ, ನಿಲ್ದಾಣದಲ್ಲಿ ನಿಂತು, ಹೊರಟುಹೋಯಿತು. ಮುದುಕಿ ಇನ್ನು ಉತ್ತರ ಬೇಡವೆಂಬಂತೆ ಮೆಲ್ಲಗೆ ಷಟರಿನ ಕಡೆ ಮುಖ ತಿರುಗಿಸಿದಳು.

"ಅಲ್ಲ" ಎಂದಳು ಗುರುದೇವಿ.

ಪಾಪಮ್ಮ ತಿರುಗಲಿಲ್ಲ. "ಹಂಗಾದ್ರೆ ಆ ಹುಡುಗೀದಾ ತಪ್ಪು? ಅವಳ ಮೊಟ್ಟೇದಾ?"

"ಅವಳದೂ ಅಲ್ಲ. ಅವಳ ತತ್ತಿಗಳು ಚೆನ್ನಾಗಿದ್ದವು."

"ಮತ್ತೆ ಅವತ್ತು ನೀವೇ ಅಂದ್ರಿ..."

ಲ್ಯಾಬಿನಲ್ಲಾಗಲಿ ಹೊರಗಾಗಲಿ ಗುರುದೇವಿ ಕೂಗಿ ಮಾತಾಡಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವಳು ಪಾಪಮ್ಮನನ್ನು ಬಿಟ್ಟು ಗೇಟಿನ ಕಡೆ ತಿರುಗಿ ನಿಂತಳು. ಮಾತು ಹೆಲ್ಮೆಟ್ಟಿನೊಳಗೂ ಹೋಗಬೇಕಿತ್ತು.

"ಅವತ್ತ ನಾ ಹೇಳಿದ್ದು ತಪ್ಪ" ಎಂದು ಕೂಗಿದಳು.